ಎರಡನೇ ಮಹಡಿಯ ನೀರು

ಕೆರೆದಂಡೆಯ ಮಾಲಿಗೆ ಹೋಗಿಬರೋಣ ಅಂತ ವನಮಾಲ ಫೋನು ಮಾಡಿದಾಗ ನಾನು ಮೊದಲು ತಿರುಗಿ ನೋಡಿದ್ದು ಬಾಗಿಲ ಹತ್ತಿರ ಬಿಟ್ಟಿದ್ದ ನನ್ನ ಚಪ್ಪಲಿಯನ್ನು. ಹಳೇ ರಬ್ಬರ್ ಚಪ್ಪಲಿ. ಎಡಗಾಲಿನದು ಹಿಮ್ಮಡಿಯ ಹತ್ತಿರ ಸವೆದು ತೂತು ಬಿದ್ದಿತ್ತು. ಬೇರೆ ಊರಿನವರಾದರೆ ಹಳೆಯದು, ಚೆನ್ನಾಗಿ ಕಾಣುವುದಿಲ್ಲ ಅಂತ ಅಷ್ಟೇ ಯೋಚಿಸುತ್ತಿದ್ದರೋ ಏನೋ. ನಮ್ಮೂರಲ್ಲಿ ತೂತು ಚಪ್ಪಲಿ ಹಾಕಿಕೊಂಡು ಮಾಲಿಗೆ ಹೋಗುವುದೆಂದರೆ ಸೋರುವ ಬಿಂದಿಗೆ ಹೊತ್ತುಕೊಂಡು ಮದುವೆಮನೆಗೆ ಹೋದ ಹಾಗೆ. ನಾಚಿಕೆಯಾದರೆ ಅಂಗಾಲಿನಿಂದ ನೀರು ಬರುತ್ತದಲ್ಲ, ಅದು ಸೀದಾ ನೆಲಕ್ಕೆ ಇಳಿಯುತ್ತದೆ. ಹುಡುಗಿಯರು ಸೆರಗು ಕಚ್ಚಿಕೊಂಡು ನಾಚುತ್ತಾರಲ್ಲ, ಆ ನಾಚಿಕೆಯ ಮಾತಲ್ಲ ನಾನು ಹೇಳುತ್ತಿರುವುದು. ಮುಖ ಎತ್ತಲಾಗದ ನಾಚಿಕೆ.

ನಮಗೆ ಇದೇನು ಹೊಸದಲ್ಲ, ಹುಟ್ಟಿದಾಗಿನಿಂದ ನೋಡಿದ್ದೇವೆ. ಯಾರಾದರೂ ನಿಂತಲ್ಲೇ ಒದ್ದೆಯಾದರೆ ಸುತ್ತಲಿನವರು ತಲೆಯೆತ್ತಿ ಮೇಲೆ ನೋಡಬೇಕು, ಅದು ಇಲ್ಲಿನ ಮರ್ಯಾದೆ. ಅದಕ್ಕೇ ನಮ್ಮೂರಲ್ಲಿ ಎಂಥ ಬಡವರ ಮನೆಯಲ್ಲೂ ಸೂರಿಗೆ ಒಂದು ಹೂವಿನ ಚಿತ್ರವನ್ನಾದರೂ ಬರೆಸಿರುತ್ತಾರೆ. ನೋಡುವುದಕ್ಕೆ ಏನಾದರೂ ಬೇಕಲ್ಲ! ಹೆಣ್ಣು ನೋಡಲು ಬಂದವರನ್ನು ದಪ್ಪ ಜಮಖಾನದ ಮೇಲೆ ಕೂರಿಸುತ್ತಾರೆ, ಎರಡೂ ಕಡೆಯವರ ಮಾನ ಅದರೊಳಗೇ ಇಂಗಿಹೋಗಲಿ ಅಂತ. ಪುರಸಭೆಯ ಅಧ್ಯಕ್ಷರಂತೂ ಸುಡು ಬೇಸಿಗೆಯಲ್ಲೂ ಗಂಬೂಟು ಹಾಕಿಕೊಂಡು ಓಡಾಡುತ್ತಾರೆ. ಯಾಕೆ ಅಂತ ಯಾರೂ ಕೇಳುವುದಿಲ್ಲ.

ಇನ್ನೊಂದು ರೂಢಿಯೂ ಇದೆ. ನಾಲ್ಕು ಜನರ ಮುಂದೆ ಒಬ್ಬರ ಕಾಲು ಒದ್ದೆಯಾದಾಗ ಅವರ ಕಡೆಯವರು ಯಾರಾದರೂ ಚಪ್ಪಲಿ ಬಿಟ್ಟು ಬಂದು ಅದೇ ನೀರಿನಲ್ಲಿ ನಿಲ್ಲಬಹುದು. ಜೊತೆ ನಿಲ್ಲುವುದು ಅನ್ನುತ್ತೇವೆ. ಹಾಗೆ ನಿಂತುಬಿಟ್ಟರೆ ಮುಗಿಯಿತು. ನೀರು ಯಾರದು, ಯಾಕೆ ಬಂತು ಅಂತ ಆಮೇಲೆ ಪೊಲೀಸರೂ ಕೇಳುವ ಹಾಗಿಲ್ಲ. ಆದರೆ ನಿಂತವರ ಹೆಸರಿಗೂ ಅರ್ಧ ಮಸಿ ಮೆತ್ತುತ್ತದೆ. ಹಾಗಾಗಿ ಸುಮ್ಮಸುಮ್ಮನೆ ಯಾರೂ ನಿಲ್ಲುವುದಿಲ್ಲ. ಒಡಹುಟ್ಟಿದ ಅಣ್ಣತಮ್ಮಂದಿರೇ ಮುಖ ತಿರುಗಿಸಿಕೊಂಡು ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ವನಮಾಲ ಮತ್ತು ನಾನು ಒಂದೇ ವಠಾರದಲ್ಲಿ ಬೆಳೆದವರು. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವಳಮ್ಮ ಒಗ್ಗರಣೆ ಹಾಕಿದರೆ ನಮ್ಮಮ್ಮ ಸೀನುತ್ತಿದ್ದಳು. ನನ್ನ ಹೆಸರು ಸರ್ವಮಂಗಳ. ಅಷ್ಟುದ್ದ ಹೆಸರನ್ನು ಮುರಿದು ಮಂಗಳಿ ಮಾಡಿದವಳೇ ಅವಳು. ನನ್ನ ಬಾಯಲ್ಲಿ ಅವಳು ವನಿ. ಆಮೇಲೆ ಅವಳ ಗಂಡನ ಕಂಟ್ರಾಕ್ಟು ಕೆಲಸ ಕೈಹತ್ತಿತು. ಕೆರೆಯ ಆಚೆ ದಡದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿಕೊಂಡು ಹೋದರು. ನಾನು ಅದೇ ವಠಾರದಲ್ಲಿ ಉಳಿದೆ. ಸೀರೆಗಳಿಗೆ ಫಾಲ್ ಹಚ್ಚುತ್ತೇನೆ, ಸೆರಗಿಗೆ ಕುಚ್ಚು ಕಟ್ಟುತ್ತೇನೆ, ನನ್ನ ಹೊಟ್ಟೆಗೆ ನಾನು ದುಡಿದುಕೊಳ್ಳುತ್ತೇನೆ. ಅವಳು ಬದಲಾದಳು ಅಂತ ವಠಾರದವರು ಆಡಿಕೊಂಡಾಗಲೆಲ್ಲ ನಾನು ಜಗಳಕ್ಕೆ ನಿಂತಿದ್ದೇನೆ. ವಾರಕ್ಕೊಂದು ಸಲವಾದರೂ ಫೋನು ಮಾಡುವವಳು ಬದಲಾದವಳು ಹೇಗಾಗುತ್ತಾಳೆ?

ಈಗ ಅವಳ ಮಗಳು ಸ್ಫೂರ್ತಿಗೆ ಒಳ್ಳೆಯ ಕಡೆ ಸಂಬಂಧ ಬಂದಿತ್ತು. ಮಾತು ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ, ಹುಡುಗನ ತಾಯಿ ಗಿರಿಜಾಂಬ ಅನ್ನುವವರು ಒಂದೊಂದನ್ನೂ ಅಳೆದು ಸುರಿದು ನೋಡುತ್ತಿದ್ದರಂತೆ. ಆದರೂ ವನಿಗೆ ತಡೆಯಲಾಗದ ಸಂಭ್ರಮ. "ನಿಶ್ಚಿತಾರ್ಥಕ್ಕೆ ಸೀರೆ ನೋಡ್ಬೇಕು ಕಣೇ. ನೀನು ಬರ್ದೇ ಇದ್ರೆ ನಾನು ಆ ಅಂಗಡಿಯವನು ಹೇಳಿದ್ದನ್ನೆಲ್ಲ ಹೊತ್ಕೊಂಡು ಬರ್ತೀನಿ ಅಷ್ಟೇ," ಅಂದಳು. ಸ್ಫೂರ್ತಿಯನ್ನು ಎತ್ತಿ ಆಡಿಸಿದವಳು ನಾನು. ಧಾರೆಯ ಹೊತ್ತಿನಲ್ಲಿ ಪಕ್ಕದಲ್ಲಿ ನೀನೇ ನಿಂತಿರಬೇಕು ಅಂತ ವನಿ ಎಷ್ಟು ಸಲ ಹೇಳಿದ್ದಳೋ. ಮಕ್ಕಳಿಲ್ಲದ ನನಗೆ ಆ ಮಾತು ಎಷ್ಟು ಬೇಕಾಗಿತ್ತು ಅನ್ನುವುದು ಅವಳಿಗೂ ಗೊತ್ತಿತ್ತು. ಚಪ್ಪಲಿಯ ತೂತಿಗೆ ಒಂದು ತುಂಡು ಪ್ಲಾಸ್ಟಿಕ್ ತುರುಕಿ ಹೊರಟೆ.

ಮಾಲಿನ ಮುಂದೆ ಕಾರಿನಿಂದ ಇಳಿದವಳನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಮೈಸೂರು ಸಿಲ್ಕು ಉಟ್ಟಿದ್ದಾಳೆ, ಕಾಲಿಗೆ ಮೊಳಕಾಲವರೆಗಿನ ಕಪ್ಪು ಬೂಟು!

"ಏನೇ ಇದು, ಗದ್ದೆ ನಾಟಿಗೆ ಹೊರಟಿದ್ದೀಯಾ?"

"ಸುಮ್ನಿರೇ. ಮಂಡಿ ನೋವಿಗೆ ಒಳ್ಳೇದು ಅಂತ ಸ್ಫೂರ್ತಿ ತರಿಸ್ಕೊಟ್ಲು. ಸೀರೆ ಇಳಿಬಿಟ್ರೆ ಯಾರಿಗೂ ಕಾಣ್ಸಲ್ಲ."

"ಕಾಣ್ಸಲ್ಲ, ಆದ್ರೆ ಕೇಳ್ಸುತ್ತೆ. ಹೆಜ್ಜೆ ಇಟ್ರೆ ಎಮ್ಮೆ ಬಂದ ಹಾಗೆ ಡಬ್ ಡಬ್ ಅಂತೀಯ."

ಅವಳು ನನ್ನ ತೋಳಿಗೆ ಹೊಡೆದಳು. ಹಾಗೆ ನಗುತ್ತಲೇ ಒಳಗೆ ಹೋದೆವು.

ಮಾಲಿನ ಕೆಳಗಿನ ಅಂತಸ್ತು ನಮ್ಮೂರ ಜನಕ್ಕೆ ತುಂಬ ಇಷ್ಟವಾದ ಜಾಗ. ಒಂದು ಕಡೆ ಗೋಡೆಯೇ ಇಲ್ಲ, ಮೆಟ್ಟಿಲುಗಳು ಸೀದಾ ಕೆರೆಗೆ ಇಳಿಯುತ್ತವೆ. ದೋಣಿ ಬಂದಾಗಲೆಲ್ಲ ಅಲೆ ಎದ್ದು ಅಂಗಡಿಗಳ ಬಾಗಿಲವರೆಗೂ ನೀರು ಬರುತ್ತದೆ. ಅಲ್ಲಿ ಎಲ್ಲರ ಕಾಲೂ ಒದ್ದೆ. ಯಾರದು ಕೆರೆಯ ನೀರು, ಯಾರದು ಅವರದೇ ನೀರು ಅಂತ ಯಾರಿಗೂ ತಿಳಿಯುವುದಿಲ್ಲ. ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವರು, ಮನೆಯಲ್ಲಿ ರಂಪ ಮಾಡಿಕೊಂಡು ಬಂದವರು, ಕೆಲಸ ಕಳೆದುಕೊಂಡು ಹೆಂಡತಿಗೆ ಇನ್ನೂ ಹೇಳದವರು, ಎಲ್ಲರೂ ಅಲ್ಲಿ ಸುಟ್ಟ ಜೋಳ ತಿನ್ನುತ್ತಾ ಆರಾಮಾಗಿ ನಿಂತಿರುತ್ತಾರೆ. ನಾವೂ ಸ್ವಲ್ಪ ಹೊತ್ತು ನಿಂತೆವು. ವನಿ ಬಳೆ ಅಂಗಡಿಯಲ್ಲಿ ಚೌಕಾಸಿ ಮಾಡಿ ಸೋತಳು. ನನ್ನ ಚೀಲದಲ್ಲಿ ಕೋಡುಬಳೆ ಡಬ್ಬಿ ಇತ್ತು; ಸೀರೆ ಕೊಂಡ ಮೇಲೆ ಮೆಟ್ಟಿಲ ಮೇಲೆ ಕೂತು ತಿನ್ನೋಣ ಅಂತ ಮಾತಾಯಿತು. ಹಿಂದೆ ಹೀಗೇ ಇಬ್ಬರೂ ವಠಾರದ ಬಾವಿಕಟ್ಟೆಯ ಮೇಲೆ ಕೂತು ತಿನ್ನುತ್ತಿದ್ದೆವು.

ಮೇಲಿನ ಮಹಡಿಗಳ ಮಾತೇ ಬೇರೆ. ಕೆರೆಯ ನೀರನ್ನು ಕೆಳಗೇ ಒರೆಸಿಕೊಂಡು ಹತ್ತಬೇಕು. ಕನ್ನಡಿಯ ಹಾಗೆ ಹೊಳೆಯುವ ಬಿಳೀ ನೆಲ, ಒಂದು ಹನಿ ಬಿದ್ದರೂ ಎದ್ದು ಕಾಣುತ್ತದೆ. ಸೂರಿನ ತುಂಬ ಬಾತುಕೋಳಿ, ಕೊಕ್ಕರೆಗಳ ಚಿತ್ರ. ಅಂಗಡಿಗಳ ಬಾಗಿಲಲ್ಲಿ ನಿಂತ ಸೆಕ್ಯೂರಿಟಿಯವರು ಗಿರಾಕಿಗಳ ಮುಖ ನೋಡುವುದೇ ಇಲ್ಲ, ಕಾಲು ನೋಡುತ್ತಾರೆ. ಒಣಗಾಲಿನಲ್ಲಿ ಒಳಗೆ ಹೋದವರು ಒದ್ದೆಗಾಲಿನಲ್ಲಿ ಹೊರಗೆ ಬಂದರೆ ಚೀಲ ತೆಗೆಸಿ ನೋಡುತ್ತಾರೆ. ಕಳ್ಳತನ ಹಿಡಿಯಲು ಅವರಿಗೆ ಕ್ಯಾಮೆರಾ ಗಿಮೆರಾ ಏನೂ ಬೇಡ.

ಎರಡನೇ ಮಹಡಿಯ ರೇಷ್ಮೆ ಅಂಗಡಿಯವರು ನಮ್ಮಿಬ್ಬರನ್ನೂ ಮೆತ್ತೆಯ ಮೇಲೆ ಕೂರಿಸಿದರು. "ಬನ್ನಿ ಅಮ್ಮ, ಕೂತ್ಕೊಳ್ಳಿ ಅಮ್ಮ," ಅಂತ ಇಬ್ಬರಿಗೂ ಒಂದೇ ಉಪಚಾರ. ಸೀರೆಗಳ ರಾಶಿ ಬಿತ್ತು. ವನಿಗೆ ಗಿಣಿಹಸಿರು ಬೇಕು, ನನಗೆ ಅದು ಬೇಡ.

"ಅವಳ ಬಣ್ಣಕ್ಕೆ ಕುಂಕುಮದ್ದು ಒಪ್ಪುತ್ತೆ, ಇಲ್ಲಿ ನೋಡು," ಅಂತ ನಾನು ಸೆರಗನ್ನು ನನ್ನ ಹೆಗಲ ಮೇಲೆಯೇ ಹೊದ್ದು ತೋರಿಸಿದೆ.

"ಅಯ್ಯೋ, ನೀನೇ ಮದುಮಗಳ ಥರ ಕಾಣ್ತೀಯಲ್ಲೇ," ಅಂದಳು. ಅಂಗಡಿಯವರೂ ನಕ್ಕರು. ನಾನು ಇನ್ನೂ ಸೆರಗು ಹೊದ್ದುಕೊಂಡೇ ಇದ್ದೆ, ಅಷ್ಟರಲ್ಲಿ ಬಾಗಿಲ ಕಡೆಯಿಂದ "ಓಹೋ, ವನಮಾಲ ಅವ್ರಾ!" ಅಂತ ದನಿ ಬಂತು.

ವನಿ ದಡಕ್ಕನೆ ಎದ್ದಳು. ಬಂದವರು ಗಿರಿಜಾಂಬ. ಎತ್ತರದ ಹೆಂಗಸು, ಕತ್ತಿನಲ್ಲಿ ಎರಡೆಳೆ ಅವಲಕ್ಕಿ ಸರ, ನೋಡುವ ನೋಟವೇ ಬೆಲೆ ಕಟ್ಟುವ ಹಾಗೆ. ಕುಶಲ ಕೇಳಿದರು, ಸೀರೆಗಳ ಮೇಲೆ ಕೈಯಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿ ಅಡಿಯಿಂದ ಮುಡಿವರೆಗೆ ನೋಡಿ, "ಇವ್ರು ಯಾರು, ಗೊತ್ತಾಗ್ಲಿಲ್ಲ," ಅಂದರು.

ವನಿ ಆ ಮನೆಯವರಿಗೆ ಏನೇನು ಹೇಳಿದ್ದಳೋ ನನಗೆ ಆಮೇಲೆ ತಿಳಿಯಿತು. ತಾನು ಹುಟ್ಟಿದ್ದೇ ದೊಡ್ಡ ತೊಟ್ಟಿಮನೆಯಲ್ಲಿ, ತಂದೆ ಜಮೀನ್ದಾರರು ಅಂತ. ನಾನು ಗೆಳತಿ ಅಂದರೆ ಯಾವ ಊರು, ಯಾವ ಬೀದಿ ಅನ್ನುವ ಮಾತು ಬರುತ್ತಿತ್ತು. ಹಾಗೇ ಎಳೆ ಬಿಚ್ಚುತ್ತಾ ಹೋದರೆ ವಠಾರದ ಬಾವಿಕಟ್ಟೆಯವರೆಗೂ ಬರುತ್ತಿತ್ತು. ಇದೆಲ್ಲ ಆ ಗಳಿಗೆಯಲ್ಲಿ ನನಗೆ ಗೊತ್ತಿರಲಿಲ್ಲ. ನನಗೆ ಕೇಳಿಸಿದ್ದು ಇಷ್ಟೇ.

"ಇವಳು... ನಮ್ಮನೇಲಿ ಸಹಾಯಕ್ಕೆ ಇದ್ದಾಳೆ."

ನಾನು ಹೆಗಲ ಮೇಲಿನ ಸೆರಗು ತೆಗೆದೆ. ಯಾರೂ ತೆಗೆಯೆನ್ನಲಿಲ್ಲ, ನಾನೇ ತೆಗೆದು, ಮಡಿಸಿ, ಇಟ್ಟೆ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ.

"ಒಳ್ಳೇದಾಯ್ತು ಬಿಡಿ, ಈಗ ನಂಬಿಕಸ್ತರು ಎಲ್ಲಿ ಸಿಗ್ತಾರೆ. ತುಂಬ ವರ್ಷದಿಂದ ಇದ್ದಾಳಾ?" ಅಂತ ಗಿರಿಜಾಂಬ ಕೇಳಿದ್ದು ವನಿಯನ್ನು. ಉತ್ತರ ಕೊಟ್ಟವಳು ನಾನು.

"ಹೂಂ ಅಮ್ಮಾವ್ರೇ. ಚಿಕ್ಕಂದಿನಿಂದಾನೂ."

ಎಷ್ಟು ಸಲೀಸಾಗಿ ಬಂತು ಆ ಮಾತು! ಕೈ ಕಟ್ಟಿಕೊಂಡದ್ದೂ ಅಷ್ಟೇ ಸಲೀಸು. ಗೆಳತಿಯ ಮಾನ ಉಳಿಸುತ್ತಿದ್ದೇನೆ ಅಂತ ಒಳಗೆ ಒಂದು ಸಮಾಧಾನ ಹೇಳಿಕೊಂಡೆ, ಆದರೆ ಅಂಗಾಲು ಆ ಸಮಾಧಾನಕ್ಕೆ ಒಪ್ಪಲಿಲ್ಲ, ಒದ್ದೆಯಾಯಿತು. ಅವಳು ಸುಳ್ಳು ಹೇಳಿದಳು ಅಂತಲ್ಲ, ನನಗೆ ಅದು ಅಷ್ಟು ಚೆನ್ನಾಗಿ ಒಪ್ಪಿತಲ್ಲ ಅಂತ. ಅಂಗಡಿಯವರು ಒಮ್ಮೆ ನನ್ನ ಮುಖ ನೋಡಿ, ಇನ್ನೊಮ್ಮೆ ವನಿಯ ಮುಖ ನೋಡಿ, "ಸ್ವಲ್ಪ ಆ ಕಡೆ ನಿಂತ್ಕೊಳಮ್ಮ," ಅಂದರು. ನಾನು ಕಂಬದ ಪಕ್ಕಕ್ಕೆ ಹೋದೆ. ಗಿರಿಜಾಂಬ ನಾನೆದ್ದ ಜಾಗದಲ್ಲಿ ಕೂತು, ಕುತ್ತಿಗೆ ತಿರುಗಿಸದೆಯೇ ತಮ್ಮ ಕೈಚೀಲವನ್ನು ನನ್ನ ಕಡೆ ಚಾಚಿ, "ಇದನ್ನೂ ಹಿಡ್ಕೊ," ಅಂದರು. ಹಿಡಿದುಕೊಂಡೆ. ಇಬ್ಬರಿಗೆ ಕಾಫಿ ಬಂತು.

ಕಂಬದ ಪಕ್ಕ ನಿಂತು ನಾನು ನೋಡಿದ್ದು ಒಂದನ್ನೇ. ವನಿಯ ಕಾಲ ಬುಡ. ಸೀರೆಯ ಅಂಚಿನ ಕೆಳಗೆ ಬಿಳೀ ನೆಲ ಒಣಗಿತ್ತು. ನನ್ನ ಎಡಗಾಲಿನ ಪ್ಲಾಸ್ಟಿಕ್ ತುಂಡು ಜಾರಿ, ಸಣ್ಣಗೆ ನೀರು ಹರಡಿಕೊಳ್ಳುತ್ತಿತ್ತು. ಅವಳ ಕಡೆ ಒಂದು ಹನಿ ಇಲ್ಲ! ಬೂಟಾದರೂ ಹೊಲಿಗೆಯಲ್ಲಿ ಸೋರಲೇಬೇಕು. ನನ್ನನ್ನು ಆಳು ಮಾಡಿ ನಿಲ್ಲಿಸಿ, ಕಾಫಿ ಕುಡಿದು, ಗಿಣಿಹಸಿರು ಸೀರೆಯನ್ನೇ ಆರಿಸುತ್ತಿದ್ದಾಳೆ, ಒಂದು ಹನಿ ಇಲ್ಲ! ಮೈಯೆಲ್ಲ ಉರಿದುಹೋಯಿತು. ವಠಾರದವರು ಆಡಿಕೊಂಡದ್ದೇ ನಿಜ, ನಾನು ಪೆದ್ದಿಯ ಹಾಗೆ ಜಗಳಕ್ಕೆ ನಿಂತೆ ಅನ್ನಿಸಿತು. ಅವಳು ಒಂದೆರಡು ಸಲ ನನ್ನ ಕಡೆ ನೋಡಿದಳು. ನಾನು ಮುಖ ತಿರುಗಿಸಿದೆ.

ಸೀರೆ ಕಟ್ಟಿಸಿಕೊಂಡು ಮೂವರೂ ಬಾಗಿಲಿಗೆ ಬಂದೆವು. ಅವರಿಬ್ಬರೂ ಮುಂದೆ, ಎಲ್ಲ ಚೀಲಗಳನ್ನು ಹೊತ್ತುಕೊಂಡು ನಾನು ಹಿಂದೆ. ಬಾಗಿಲಲ್ಲಿದ್ದ ಸೆಕ್ಯೂರಿಟಿಯವನು ನನ್ನ ಹಿಂದಿನ ನೆಲ ನೋಡಿದ. ಕಂಬದಿಂದ ಬಾಗಿಲವರೆಗೂ ಎಡಗಾಲಿನ ಗುರುತು ಒಂದರ ಹಿಂದೆ ಒಂದು.

"ಸ್ವಲ್ಪ ನಿಂತ್ಕೊಳಮ್ಮ. ಚೀಲ ಕೆಳಗಿಡು."

ಅಂಗಡಿಯಲ್ಲಿದ್ದವರೆಲ್ಲ ಬಂದು ಸುತ್ತ ನಿಂತರು. ನಿಂತ ತಕ್ಷಣ ಎಲ್ಲರೂ ಸೂರಿನ ಬಾತುಕೋಳಿ ನೋಡತೊಡಗಿದರು. ಕಿವಿ ಮಾತ್ರ ಇಲ್ಲೇ. ಅವನು ಒಂದೊಂದೇ ಚೀಲ ಬಿಚ್ಚಿದ. ನನ್ನ ಚೀಲದಿಂದ ಛತ್ರಿ ಬಂತು, ಸೂಜಿ ದಾರ ಬಂತು. ಕೋಡುಬಳೆ ಡಬ್ಬಿಯ ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿ ನೋಡಿದ. ಅದನ್ನು ನೋಡಿ ನನ್ನ ಬಲಗಾಲೂ ಒದ್ದೆಯಾಯಿತು.

"ಅಯ್ಯಯ್ಯೋ, ನನ್ ಬ್ಯಾಗು ಇವಳ ಹತ್ರಾನೇ ಇತ್ತಲ್ರೀ!" ಅಂತ ಗಿರಿಜಾಂಬ ಕೂಗಿದರು. ಕೈಚೀಲ ಕಸಿದುಕೊಂಡು ಒಳಗೆಲ್ಲ ತಡಕಿದರು. ಎಲ್ಲವೂ ಇಟ್ಟ ಹಾಗೇ ಇತ್ತು. ಆದರೂ ಅವರಿಗೆ ಸಮಾಧಾನವಾಗಲಿಲ್ಲ. "ತೆಗೀದೇ ಇರ್ಬಹುದು. ತೆಗೀಬೇಕು ಅಂತ ಮನಸ್ಸಲ್ಲಿ ಬಂದಿರುತ್ತೆ. ಇಲ್ದಿದ್ರೆ ನೀರು ಯಾಕೆ ಬರುತ್ತೆ ಹೇಳಿ?"

"ಯಾಕಮ್ಮ ಒದ್ದೆ ಆಯ್ತು?" ಅಂತ ಸೆಕ್ಯೂರಿಟಿಯವನು ಕೇಳಿದ. ದನಿ ಒರಟಾಗಿರಲಿಲ್ಲ. "ಕಾರಣ ಹೇಳ್ಬಿಡು, ಹೋಗ್ತಾ ಇರು. ಹೇಳ್ದೆ ಇದ್ರೆ ಆಫೀಸ್ ರೂಮಿಗೆ ಕರ್ಕೊಂಡ್ ಹೋಗ್ಬೇಕಾಗುತ್ತೆ."

ಕಾರಣ! ನಾಲಿಗೆಯ ತುದಿಯಲ್ಲೇ ಇತ್ತು. ಈಕೆ ನನ್ನ ಬಾಲ್ಯದ ಗೆಳತಿ, ನನ್ನನ್ನು ಆಳು ಅಂದಳು, ನಾನು ಹೌದು ಅಂದೆ. ಅಷ್ಟು ಹೇಳಿದ್ದರೆ ನನ್ನ ಮೇಲಿನ ಕಳಂಕ ಹೋಗುತ್ತಿತ್ತು, ಸ್ಫೂರ್ತಿಯ ಸಂಬಂಧವೂ ಅಲ್ಲೇ ಮುರಿದು ಬೀಳುತ್ತಿತ್ತು. ಆ ಮಗುವಿನ ಮುಖ ಕಣ್ಣ ಮುಂದೆ ಬಂತು. ನಾನು ವನಿಯನ್ನು ನೋಡಿದೆ. ಅವಳ ಮುಖ ಬಿಳಿಚಿಕೊಂಡಿತ್ತು. ನನ್ನ ಸುತ್ತ ಹರಡಿದ್ದ ನೀರನ್ನೇ ನೋಡುತ್ತಿದ್ದಳು. ನೋಡನೋಡುತ್ತಲೇ ಬಾಗಿ, ಸೀರೆ ಸ್ವಲ್ಪ ಎತ್ತಿ, ಎಡಗಾಲಿನ ಬೂಟಿಗೆ ಕೈ ಹಾಕಿದಳು.

ನನಗೆ ತಕ್ಷಣ ಗೊತ್ತಾಯಿತು. ಜೊತೆ ನಿಲ್ಲಲು ಬರುತ್ತಿದ್ದಾಳೆ. ಗಿರಿಜಾಂಬನ ಎದುರೇ, ಅಷ್ಟು ಜನರ ಎದುರೇ. ಆಳಿನ ಜೊತೆ ಯಾರೂ ನಿಲ್ಲುವುದಿಲ್ಲ; ನಿಂತರೆ ತನ್ನ ಸುಳ್ಳನ್ನು ತಾನೇ ಒಡೆದುಕೊಂಡ ಹಾಗೆ. ಅದು ಅವಳಿಗೂ ಗೊತ್ತು. ಬೂಟು ಬಿಗಿಯಾಗಿತ್ತು, ಎಳೆಯುತ್ತಿದ್ದಳು. ನಾನು ಬಾಯಿ ಮುಚ್ಚಿಕೊಂಡು ಇನ್ನೊಂದು ಗಳಿಗೆ ನಿಂತಿದ್ದರೆ ಸಾಕಾಗಿತ್ತು.

ನಿಲ್ಲಲಿಲ್ಲ. ಈಗ ಬರ್ತಾಳೆ ಮಹಾತಾಯಿ, ಕಾಫಿ ಕುಡಿಯೋವಾಗ ಎಲ್ಲಿದ್ಲು ಅನ್ನಿಸಿತು. ನನ್ನ ಕೋಡುಬಳೆಯನ್ನು ಯಾರೋ ಕೆದಕಿದ ಮೇಲೆ ಬಂದು ನನ್ನನ್ನು ಉದ್ಧಾರ ಮಾಡಿ, ದೊಡ್ಡ ಮನಸ್ಸಿನವಳು ಅನ್ನಿಸಿಕೊಂಡು, ಮನೆಗೆ ಹೋಗಿ ನಿದ್ದೆ ಮಾಡುತ್ತಾಳೆ. ಮಾಡಲು ಬಿಡಬಾರದು. ಅವಳ ಕಾಲು ನನ್ನ ನೀರಿಗೆ ತಾಗಬಾರದು. ಇಷ್ಟೂ ಒಂದೇ ಉಸಿರಿನಲ್ಲಿ ತಲೆಗೆ ಬಂತು. ಬಾಯಿಂದ ಬಂದದ್ದು ಬೆಣ್ಣೆಯಂಥ ಮಾತು, ಬೇಕೆಂದೇ ಎಲ್ಲರಿಗೂ ಕೇಳಿಸುವ ಹಾಗೆ.

"ಅಯ್ಯೋ ಬೇಡಿ ಅಮ್ಮಾವ್ರೇ! ನನ್ನಂಥವಳ ನೀರಲ್ಲಿ ತಾವು ಕಾಲಿಡೋದಾ? ನಾನು ಕೆಲಸದವಳು. ನಂಗೂ ನಿಮ್ಗೂ ಏನು ಸಂಬಂಧ? ಮನಸ್ಸಲ್ಲಿ ಏನೋ ಕೆಟ್ಟದ್ದು ಬಂತು, ತಪ್ಪಾಯ್ತು. ನಾನೇ ಹೋಗ್ತೀನಿ."

ಹೇಳಿ ಎರಡು ಹೆಜ್ಜೆ ಹಿಂದೆ ಸರಿದೆ. ಒದ್ದೆಯಾದವರೇ ನೀರು ಬಿಟ್ಟು ಸರಿದರೆ ಇನ್ನೊಬ್ಬರು ನಿಲ್ಲುವ ಹಾಗಿಲ್ಲ. ಅದೂ ನಮ್ಮೂರ ರೂಢಿಯೇ, ನನಗೆ ಚೆನ್ನಾಗಿ ಗೊತ್ತಿದ್ದ ರೂಢಿ.

ಆಗ ಅವಳ ಬೂಟು ಕಳಚಿಕೊಂಡಿತು. ಕಳಚಿದ ಕೂಡಲೇ ಅದರೊಳಗಿಂದ ಚೊಂಬು ಬಗ್ಗಿಸಿದ ಹಾಗೆ ಗಳಗಳ ನೀರು ಸುರಿಯಿತು. ಹೊಲಿಗೆಯೇ ಇಲ್ಲದ ರಬ್ಬರ್ ಬೂಟು, ಸುರಿದೇ ಸುರಿಯಿತು. ಅವಳ ಸೀರೆಯ ಅಂಚು ತೊಯ್ದು ಕಾಲಿಗೆ ಅಂಟಿಕೊಂಡಿತು. ಒಂದು ಕಾಲಲ್ಲಿ ಬೂಟು, ಇನ್ನೊಂದು ಬರಿಗಾಲು, ಕೈಯಲ್ಲಿ ಖಾಲಿ ಬೂಟು ಹಿಡಿದುಕೊಂಡು ಅವಳು ನನ್ನನ್ನು ನೋಡಿದಳು. ಸೆಕ್ಯೂರಿಟಿಯವನೂ ಸೂರು ನೋಡತೊಡಗಿದ. ಗಿರಿಜಾಂಬ ಮಾತ್ರ ಆ ನೀರನ್ನೂ ವನಿಯನ್ನೂ ಕಣ್ಣರಳಿಸಿ ನೋಡಿ, "ಅಬ್ಬಾ!" ಅಂದರು.

ನಾನು ಅಲ್ಲಿ ನಿಲ್ಲಲಿಲ್ಲ. ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೊರಟೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ, ಆ ಮಹಡಿ ಇಳಿಯುವಾಗ ನನ್ನ ಕಾಲು ಒಣಗಿತ್ತು. ಗೆದ್ದ ಹಾಗಿತ್ತು. ಹೇಗೆ ಕೊಟ್ಟೆ ನೋಡು ಅಂತ ಮನಸ್ಸು ಕುಣಿಯುತ್ತಿತ್ತು. ಕೆಳಗಿನ ಅಂತಸ್ತಿನಲ್ಲಿ ಅಲೆಯ ನೀರು ದಾಟಿ ದೋಣಿ ಹತ್ತಿ ಕೂತೆ. ದೋಣಿ ದಡ ಬಿಟ್ಟ ಮೇಲೆ ಆ ಬೂಟಿನ ಯೋಚನೆ ಬಂತು. ಅಷ್ಟು ದೊಡ್ಡ ಬೂಟು ತುಂಬಬೇಕಾದರೆ ನೀರು ಆಗಷ್ಟೇ ಬಂದದ್ದಲ್ಲ. ನನ್ನನ್ನು ಆಳು ಅಂದ ಗಳಿಗೆಯಿಂದಲೇ ಬರುತ್ತಿತ್ತು. ಕಾಫಿ ಕುಡಿಯುವಾಗ ಬರುತ್ತಿತ್ತು, ಸೀರೆ ಆರಿಸುವಾಗ ಬರುತ್ತಿತ್ತು, ಅವಳು ನನ್ನ ಕಡೆ ತಿರುಗಿ ನೋಡಿದಾಗಲೂ. ನಾನು ನೆಲ ನೋಡಿದೆ, ಅವಳ ಮುಖ ನೋಡಲಿಲ್ಲ. ಅವಳು ಮಗಳ ಸಂಬಂಧವನ್ನೇ ಪಣಕ್ಕಿಟ್ಟು ಬರುತ್ತಿದ್ದಳು. ನಾನು ಅವಳ ಮುಖದ ಮೇಲೆ ಬಾಗಿಲು ಹಾಕಿ ಬಂದೆ.

ದೋಣಿಯಿಂದ ಮನೆಯವರೆಗೆ ಹೇಗೆ ನಡೆದೆನೋ ನನಗೇ ಗೊತ್ತಿಲ್ಲ. ವಠಾರದ ಹೆಂಗಸರು ಎಲ್ಲರೂ ಒಟ್ಟಿಗೇ ಆಕಾಶ ನೋಡಿದರು.

ಮಾರನೆಯ ಬೆಳಿಗ್ಗೆ ನಾನು ಯಾರದೋ ಸೀರೆಗೆ ಫಾಲ್ ಹಚ್ಚುತ್ತಾ ಕೂತಿದ್ದೆ. ಹಚ್ಚಿದ್ದನ್ನೇ ಬಿಚ್ಚುತ್ತಿದ್ದೆ, ಬಿಚ್ಚಿದ್ದನ್ನೇ ಹಚ್ಚುತ್ತಿದ್ದೆ. ಬಾಗಿಲಲ್ಲಿ ನೆರಳಾಯಿತು. ವನಮಾಲ. ಮನೆ ಕಟ್ಟಿಸಿಕೊಂಡು ಹೋದ ಮೇಲೆ ಅವಳು ವಠಾರದೊಳಗೆ ಕಾಲಿಟ್ಟದ್ದು ಅದೇ ಮೊದಲು. ಬೀದಿಯಿಂದ ನಡೆದೇ ಬಂದಿದ್ದಳು. ಕಾಲಲ್ಲಿ ಏನೂ ಇರಲಿಲ್ಲ. ಹಿಂದೆ ವಠಾರದ ಚಪ್ಪಡಿಗಳ ಮೇಲೆ ಅವಳ ಹೆಜ್ಜೆ ಸಾಲಾಗಿ ಒದ್ದೆಯಾಗಿ ಬಿದ್ದಿತ್ತು. ಮುಚ್ಚಿಟ್ಟುಕೊಳ್ಳುವ ಪ್ರಯತ್ನವೇ ಇಲ್ಲ.

"ಒಳಗೆ ಬಾ," ಅಂದೆ. ಅವಳು ಹೊಸಿಲು ದಾಟಿ ಅಲ್ಲೇ ನಿಂತಳು.

"ಸಂಬಂಧ ಗಟ್ಟಿಯಾಯ್ತು ಮಂಗಳಿ," ಅಂದಳು. ಸಂತೋಷದ ಸುದ್ದಿ ಹೇಳುವ ದನಿಯಾಗಿರಲಿಲ್ಲ ಅದು. "ನೆನ್ನೆ ಸಂಜೇನೇ ಗಿರಿಜಾಂಬ ಫೋನ್ ಮಾಡಿದ್ರು. ಕೆಲಸದವಳ ತಪ್ಪಿಗೆ ಬೂಟು ತುಂಬೋ ಅಷ್ಟು ನಾಚ್ಕೊಳ್ಳೋ ಮನೆತನ ಹುಡುಕಿದ್ರೂ ಸಿಗಲ್ಲ ಅಂದ್ರು. ಇನ್ನೇನೂ ವಿಚಾರಿಸೋದು ಬೇಡ, ನಿಶ್ಚಯ ಮಾಡ್ಕೊಳ್ಳೋಣ ಅಂದ್ರು."

ನನ್ನ ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿತು.

"ನೀನೇನಂದೆ?"

"ನಾನೇನು ಅನ್ಲಿ? ಸ್ಫೂರ್ತಿ ಪಕ್ಕದಲ್ಲೇ ನಿಂತು ಕೇಳಿಸ್ಕೊಂಡು ಕುಣೀತಾ ಇದ್ಲು." ಒಂದು ಹೆಜ್ಜೆ ನನ್ನ ಕಡೆ ಬಂದಳು. ಆಮೇಲೆ, "ನಾನು ನಿಲ್ಲೋಕೇ ಬಂದಿದ್ದೆ ಕಣೇ. ಇವಳು ನನ್ನ ಮಂಗಳಿ, ನಾನೇ ಸುಳ್ಳು ಹೇಳ್ದೆ ಅಂತ ಹೇಳೋಕೇ ಬೂಟು ಬಿಚ್ಚಿದ್ದು. ನಿಂಗೆ ಗೊತ್ತಾಗ್ಲಿಲ್ವಾ?"

ಗೊತ್ತಾಗಲಿಲ್ಲ ಅಂದುಬಿಡಬಹುದಾಗಿತ್ತು. ಅವಳು ನಂಬುತ್ತಿದ್ದಳು, ಇಬ್ಬರಿಗೂ ಹಗುರಾಗುತ್ತಿತ್ತು. ಆದರೆ ಅವಳ ಬರಿಗಾಲು ನೋಡಿಕೊಂಡು ಆ ಸುಳ್ಳು ಹೇಳಲು ನನ್ನಿಂದಾಗಲಿಲ್ಲ.

"ಗೊತ್ತಾಯ್ತು," ಅಂದೆ. "ಗೊತ್ತಾಗೇ ಹಾಗಂದೆ."

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ, ಇಬ್ಬರೂ ಅತ್ತು, ಎಲ್ಲ ಮುಗಿಯುತ್ತಿತ್ತೇನೋ. ತಲೆಯಾಡಿಸಿದಳು ಅಷ್ಟೇ. ನನ್ನ ಕಾಲ ಕೆಳಗೂ ನೆಲ ತಣ್ಣಗಾಗತೊಡಗಿತು.

"ಇನ್ನೊಂದು ಹೇಳಿದ್ರು ಅವ್ರು," ಅಂದಳು. "ಆ ಹೆಂಗಸನ್ನ ಕೆಲಸದಿಂದ ತೆಗೀಬೇಡಿ, ತಪ್ಪು ಒಪ್ಕೊಂಡ್ಳಲ್ಲ, ಮದ್ವೇಲಿ ಪಾತ್ರೆ ಪಡಗ ನೋಡ್ಕೊಳ್ಳೋಕೆ ಕರ್ಕೊಂಡ್ ಬನ್ನಿ, ನಮ್ ಕಡೆಯವ್ರು ಅವಳ ಮೇಲೆ ಒಂದು ಕಣ್ಣಿಟ್ಟಿರ್ತಾರೆ ಅಂದ್ರು."

"ಬರ್ತೀನಿ," ಅಂದೆ. ಯಾಕೋ ನಗು ಬಂದ ಹಾಗಾಯಿತು, ಬರಲಿಲ್ಲ. "ಸ್ಫೂರ್ತಿ ಮದ್ವೆ. ಪಾತ್ರೆ ತೊಳೆಯೋಕಾದ್ರೂ ಬರ್ತೀನಿ. ಯಾರಾಗಿ ಬರ್ಲಿ ಅನ್ನೋದಷ್ಟು ಹೇಳು."

ಪಕ್ಕದ ಮನೆಯಲ್ಲಿ ಯಾರೋ ಒಗ್ಗರಣೆ ಹಾಕಿದರು, ಇಬ್ಬರಿಗೂ ಘಾಟು ಬಡಿಯಿತು. ವನಿ ಸೆರಗಿನಿಂದ ಮೂಗು ಒರೆಸಿಕೊಂಡಳು, ಕಣ್ಣೂ ಒರೆಸಿಕೊಂಡಳು.

"ಬರ್ಬೇಡ ಅಂತ ಹೇಳೋಕೇ ಬಂದೆ ಮಂಗಳಿ. ನೀನು ಅಲ್ಲಿ ಎಲೆ ಎತ್ತೋದನ್ನ ನೋಡ್ಕೊಂಡು ನಾನು ಧಾರೆ ಎರೆಯೋಕಾಗಲ್ಲ. ನಿಜ ಹೇಳೋ ಧೈರ್ಯ ಒಂದೇ ಒಂದ್ಸಲ ಬಂದಿತ್ತು. ಇನ್ನೊಂದ್ಸಲ ಬರಲ್ಲ."

ನಾನು ಆಯಿತು ಅಂದೆ. ಆ ಧೈರ್ಯವನ್ನು ಮುರಿದು ಹಾಕಿದವಳು ನಾನೇ.

ಅವಳು ಹೊರಟವಳು ಹೊಸಿಲ ಮೇಲೆ ನಿಂತಳು. ತಿರುಗಿ ನೋಡದೆ, ಚೌಕಟ್ಟಿನ ಮೇಲೆ ಕೈಯಿಟ್ಟುಕೊಂಡು, "ಧಾರೆ ಸೀರೆ ಕಳ್ಸಿದ್ರೆ ಕುಚ್ಚು ಕಟ್ಟಿಕೊಡ್ತೀಯಾ?" ಅಂತ ಕೇಳಿದಳು.

ಕೊಡ್ತೀನಿ ಅಮ್ಮಾವ್ರೇ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಒಂದು ದಿನ ತಡವಾಗಿ ನುಂಗಿಕೊಂಡೆ.

"ಕೊಡ್ತೀನಿ ಕಣೇ," ಅಂದೆ.